ಇಪ್ಪತ್ತನಾಲ್ಕು ಎಂದು ಬರೆದ ಹದಿನಾರು ಗಂಟೆ

ಮಾರ್ಚ್ 3, ಸೋಮವಾರ

ಈ ಕಥೆಯನ್ನು ಮೊದಲು ಹೇಳಿದವಳು ನಮ್ಮಕ್ಕ. ನಿನ್ನೆ ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ, ಫೋನಿನಲ್ಲಿ. "ಲೋ, ಮಂಡಿ ಒಳಗೆ ಯಾರೋ ಒಲೆ ಹಚ್ಚಿದಾರೆ ಕಣೋ" ಎಂದಳು. ಮಂಡಿಯ ಕೀಲು ಬದಲಾಯಿಸಿಕೊಂಡು ಇಪ್ಪತ್ತು ದಿನವಾಗಿದೆ. ಹೊಲಿಗೆ ಬಿಚ್ಚಿಸಿಕೊಂಡು ಕೋಲು ಹಿಡಿದು ಮನೆತುಂಬ ಓಡಾಡುತ್ತಿದ್ದವಳು. ನಾನು ನಕ್ಕು, "ಒಲೆ ಹಚ್ಚಿದವರಿಗೆ ಹಾಗೇ ನಂಗೊಂದು ಟೀ ಇಡೋಕೆ ಹೇಳು" ಎಂದೆ. ಆ ಕಡೆಯಿಂದ ನಗು ಬರಲಿಲ್ಲ. ಹಲ್ಲು ಕಟಕಟ ಎನ್ನುವ ಸದ್ದು ಬಂತು.

ಐದು ಗಂಟೆಗೆ ಅವಳನ್ನು ನಮ್ಮ ಆಸ್ಪತ್ರೆಗೇ ತಂದು ಮೂರನೇ ಮಹಡಿಯಲ್ಲಿ ಮಲಗಿಸಿದೆವು. ಎರಡು ಬಾಟಲಿ ರಕ್ತ ತೆಗೆದು ನೆಲಮಾಳಿಗೆಯ ನಮ್ಮ ಪ್ರಯೋಗಾಲಯಕ್ಕೆ ಕಳಿಸಿದರು.

ಬರೆಯುವಾಗಲೂ ಎದುರಿಗೆ ನಾಲ್ಕು ಜನ ಕೂತು ಕೇಳುತ್ತಿದ್ದಾರೆ ಎಂದುಕೊಂಡೇ ಬರೆಯುವ ಚಟ ನನಗೆ. ಹಳ್ಳಿಯಲ್ಲಿ ಸೋದರತ್ತೆ ಕಥೆ ಹೇಳುವಾಗ ಹೂಂಗುಟ್ಟುವ ಕೆಲಸ ನನ್ನದು. ಆಮೇಲೆ ಹೇಳುವ ಕೆಲಸವೂ ನನಗೇ ಬಂತು. ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನ ಹೆಸರೇ ಕಥೆಗಾರ. ಆದರೆ ಈ ಕಥೆಗೆ ಹೂಂಗುಟ್ಟಲು ಯಾರನ್ನೂ ಕರೆಯುವ ಧೈರ್ಯವಿಲ್ಲ. ಆದ್ದರಿಂದ ಈ ನೋಟುಪುಸ್ತಕ.

ಇವತ್ತು ಬೆಳಿಗ್ಗೆ ಏಳೂವರೆಗೆ ಯಂತ್ರ ಕೂಗಿತು. ರಕ್ತದಲ್ಲಿ ಏನಾದರೂ ಬೆಳೆದರೆ ಅದು ಕೂಗುತ್ತದೆ. ಯಾರ ಬಾಟಲಿ ಎಂದು ನೋಡದೆಯೇ ಒಂದು ಹನಿ ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನೇರಳೆ ಬಣ್ಣದ ದ್ರಾಕ್ಷಿ ಗೊಂಚಲು. ಸ್ಟ್ಯಾಫಿಲೊಕಾಕಸ್ ಅನ್ನುವ ದೊಡ್ಡ ಹೆಸರು ಇದ್ದರೂ ನಮ್ಮಲ್ಲಿ ಅದಕ್ಕೆ ಗೊಂಚಲು ಅಂತಲೇ ಹೆಸರು. ಇಂಥ ಗೊಂಚಲನ್ನು ಲಕ್ಷ ಸಲ ನೋಡಿದ್ದೇನೆ. "ಬಂದ್ರು ನೋಡಿ ನೆಂಟ್ರು, ಊಟಕ್ಕೆ ಎಲೆ ಹಾಕಿ" ಎಂದು ಎಂದಿನಂತೆ ಕೂಗಿದೆ. ಎಲ್ಲರೂ ನಕ್ಕರು. ಆಮೇಲೆ ಬಾಟಲಿ ತಿರುಗಿಸಿ ಹೆಸರು ಓದಿದೆ.

ನಮ್ಮ ಮುಖ್ಯಸ್ಥೆ ಮೇಡಂ ಬಂದು ಪಕ್ಕದಲ್ಲಿ ನಿಂತರು. ಸೂಕ್ಷ್ಮಾಣು ವೈದ್ಯೆ ಅವರು, ಮಾತು ಕಡಿಮೆ.

"ಇದನ್ನ ಸ್ಟಿಕ್ಕರ್‌ಗೆ ಕೊಡಿ. ಮನೆಯವರ ಸ್ಯಾಂಪಲ್ ನೀವು ಮುಟ್ಟಬೇಡಿ."

ಸ್ಟಿಕ್ಕರ್ ಎಂದರೆ ನನ್ನ ಪಕ್ಕದ ಮೇಜಿನ ತಂತ್ರಜ್ಞೆ. ಕತ್ತರಿ, ಗಡಿಯಾರ, ತನ್ನ ಊಟದ ಡಬ್ಬಿ, ಕೊನೆಗೆ ಡಬ್ಬಿಯ ಮುಚ್ಚಳಕ್ಕೂ ಬೇರೆಯಾಗಿ ಚೀಟಿ ಅಂಟಿಸುವವಳು.

"ಮೇಡಂ, ನನ್ನ ಕೈಯಷ್ಟು ನೆಟ್ಟಗೆ ಪಿಪೆಟ್ ಹಿಡಿಯೋರು ಈ ಕಟ್ಟಡದಲ್ಲಿ ಯಾರಿದಾರೆ ಹೇಳಿ" ಎಂದೆ.

ಅವರು ಹೂಂ ಎನ್ನದೆ ಉಹೂಂ ಎನ್ನದೆ ಹೋದರು. ಅದನ್ನು ಹೂಂ ಎಂದುಕೊಂಡೆ.

ಮಾರ್ಚ್ 4, ಮಂಗಳವಾರ

ಮೂಳೆ ಡಾಕ್ಟರು ಮಂಡಿ ಬಿಚ್ಚಿ ತೊಳೆದರು. ಗೊಂಚಲು ಹಟಮಾರಿ ಜಾತಿಯದು. ಸಾಮಾನ್ಯ ಮದ್ದಿಗೆ ಬಗ್ಗುವುದಿಲ್ಲ. ವ್ಯಾಂಕೊ ಎಂದು ಕರೆಯುವ ಹಳೆಯ ಗಟ್ಟಿ ಮದ್ದನ್ನು ನರಕ್ಕೆ ಬಿಡುತ್ತಿದ್ದಾರೆ.

ಸಂಜೆ ವಾರ್ಡಿಗೆ ಹೋದೆ. ಪಕ್ಕದ ಹಾಸಿಗೆಯಲ್ಲಿ ಒಲೆಯ ಬಾಗಿಲಿಗೆ ತೋಳು ಸುಟ್ಟುಕೊಂಡ ಬೇಕರಿಯಮ್ಮ. ಅಕ್ಕ ಹೇಳಿದ್ದಳೋ ಏನೋ, "ನೀವೇನಾ ಕಥೆ ಹೇಳೋರು? ಸುರು ಮಾಡಿ, ಇಲ್ಲಿ ಗೋಡೆ ನೋಡಿ ನೋಡಿ ಸಾಕಾಗಿದೆ" ಎಂದರು.

ಗೊಂಚಲಿನ ಕಥೆಯನ್ನೇ ಹೇಳಿದೆ. ಕೋಟಿ ಜನರ ಸೈನ್ಯ, ಪ್ರತಿಯೊಬ್ಬನಿಗೂ ಕಲ್ಲಿನ ಅಂಗಿ, ಇಪ್ಪತ್ತು ನಿಮಿಷಕ್ಕೆ ಒಬ್ಬ ಇಬ್ಬರಾಗುತ್ತಾನೆ.

"ಎಷ್ಟು ಕೋಟಿ? ಸರಿಯಾಗಿ ಹೇಳು" ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ.

"ಕಥೇಲಿ ಎಣಿಸ್ತಾರೇನೇ?"

"ಎಣಿಸದೆ ಇದ್ರೆ ಅದು ಕಥೆಯಲ್ಲ, ಬೊಗಳೆ."

ಮೂವತ್ತೊಂದು ವರ್ಷ ಧಾನ್ಯದ ಉಗ್ರಾಣದಲ್ಲಿ ಲಾರಿ ತೂಗುವ ಕಾಟಾ ಕೋಣೆಯಲ್ಲಿ ಕೂತವಳು. ಲಾರಿಯವರು ಹಾರನ್ ಹೊಡೆದರೂ, ಬೈದರೂ, ಮುಳ್ಳು ಪೂರ್ತಿ ನಿಲ್ಲುವವರೆಗೆ ಅಂಕಿ ಬರೆದವಳಲ್ಲ. ಅಪ್ಪ ಹೋದ ಮೇಲೆ ಆ ಕೋಣೆಯಲ್ಲೇ ನನ್ನನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಓದಿಸಿದಳು. ನನ್ನ ಹೆಂಡತಿಯ ಪ್ರಕಾರ ನಾನು ಮಾತಾಡುವುದನ್ನು ಕಲಿತದ್ದು ಸೋದರತ್ತೆಯಿಂದ, ಬಾಯಿ ಮುಚ್ಚುವುದನ್ನು ಕಲಿಸಲು ಅಕ್ಕನಿಗೆ ಇನ್ನೂ ಆಗಿಲ್ಲ.

ಜ್ವರ ನೂರಾ ಮೂರು.

ಮಾರ್ಚ್ 6, ಗುರುವಾರ

ನಾಲ್ಕು ದಿನದ ವ್ಯಾಂಕೊ ನೀರಿಗೆ ಹಾಕಿದಂತಾಯಿತು. ನಿನ್ನೆ ತೆಗೆದ ರಕ್ತವೂ ಇವತ್ತು ಕೂಗಿತು.

ವಾರ್ಡಿನ ಡಾಕ್ಟರು ಬೆಳಿಗ್ಗೆ ಮೆಟ್ಟಿಲು ಎರಡೆರಡು ಹಾರಿಕೊಂಡು ಇಳಿದು ಬಂದರು. ನಾವು ಅವರನ್ನು ಗಡಿಬಿಡಿ ಡಾಕ್ಟರು ಎನ್ನುತ್ತೇವೆ. ಒಳ್ಳೆಯವರು. ಆದರೆ ಕುರ್ಚಿ ತೋರಿಸಿದರೂ ಕೂರುವುದಿಲ್ಲ.

"ಒಂದೇ ಮದ್ದಲ್ಲಿ ಇದು ಹೋಗೋಲ್ಲ. ಎರಡು ಸೇರಿಸಿ ನೋಡ್ಬೇಕು. ವ್ಯಾಂಕೊ ಜೊತೆ ಕೆಂಪು ಮದ್ದು ಹೇಗೆ? ತಟ್ಟೆ ಹಾಕ್ತೀರಾ?"

ಕೆಂಪು ಮದ್ದು ಎಂದರೆ ರಿಫಾಂಪಿಸಿನ್. ಇಟ್ಟಿಗೆ ಪುಡಿಯ ಬಣ್ಣ. ಮೇಡಂ ಒಪ್ಪಿದರು.

ಈ ಪರೀಕ್ಷೆ ನನಗೆ ಇಷ್ಟ. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ. ಎಂಟು ಸಾಲು, ಹನ್ನೆರಡು ಕಂಬ, ತೊಂಬತ್ತಾರು ಪುಟ್ಟ ಗುಳಿ. ಎಡದಿಂದ ಬಲಕ್ಕೆ ಒಂದು ಮದ್ದು ಅರ್ಧರ್ಧ ತೆಳುವಾಗುತ್ತ ಹೋಗುತ್ತದೆ. ಮೇಲಿಂದ ಕೆಳಕ್ಕೆ ಇನ್ನೊಂದು. ಹಾಗಾಗಿ ಪ್ರತಿ ಗುಳಿಯಲ್ಲೂ ಎರಡರ ಬೇರೆ ಬೇರೆ ಅಳತೆಯ ಜೋಡಿ. ಎಲ್ಲದಕ್ಕೂ ಒಂದೇ ಪ್ರಮಾಣದ ಗೊಂಚಲು ಬಿಡುವುದು, ಮೈ ಬಿಸಿಯಷ್ಟೇ ಕಾವಿನ ಪೆಟ್ಟಿಗೆಯಲ್ಲಿ ಇಡುವುದು. ಗುಳಿ ಕದಡಿ ಮೋಡವಾದರೆ ಗೊಂಚಲು ಗೆದ್ದಿದೆ. ತಿಳಿಯಾಗಿದ್ದರೆ ಮದ್ದು ಗೆದ್ದಿದೆ. ಒಂಟಿಯಾಗಿ ಸೋಲುವ ಎರಡು ಮದ್ದುಗಳು ಕೆಲವು ಸಲ ಜೊತೆಗೂಡಿ ಚಿಟಿಕೆಯಷ್ಟರಲ್ಲೇ ಗೆಲ್ಲುತ್ತವೆ. ಅದನ್ನು ನೋಡಿದ ದಿನ ನನಗೆ ಊಟ ಎರಡು ತುತ್ತು ಜಾಸ್ತಿ ಹೋಗುತ್ತದೆ.

ಈ ಹಟಮಾರಿ ಗೊಂಚಲಿಗೆ ಒಂದು ನಿಯಮವಿದೆ. ಇಪ್ಪತ್ತನಾಲ್ಕು ಗಂಟೆ ಪೂರ್ತಿ ಕಾಯಬೇಕು. ಬೇರೆ ಕ್ರಿಮಿಗಳನ್ನು ಹದಿನಾರಕ್ಕೆ, ಹದಿನೆಂಟಕ್ಕೆ ಓದಬಹುದು. ಇದು ಸತ್ತಂತೆ ಮಲಗಿ ತಡವಾಗಿ ಏಳುತ್ತದೆ. ಹೊಸಬರಿಗೆ ಇದನ್ನು ಕಲಿಸುವವನು ನಾನೇ.

ಸಂಜೆ ನಾಲ್ಕಕ್ಕೆ ತಟ್ಟೆ ಇಟ್ಟೆ.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆ ಎಂಟಕ್ಕೆ ಫೋನು. ಅಕ್ಕನಿಗೆ ನೂರಾ ನಾಲ್ಕು, ಬಡಬಡಿಸುತ್ತಿದ್ದಾಳೆ, ಯಾವುದೋ ಲಾರಿಯ ನಂಬರು ಹೇಳುತ್ತಿದ್ದಾಳೆ. "ತಟ್ಟೆ ಆಯ್ತಾ? ಏನಾದ್ರೂ ಹೇಳಿ, ನಾನು ಸುರು ಮಾಡ್ಬೇಕು" ಎಂದರು ಗಡಿಬಿಡಿ ಡಾಕ್ಟರು. ಮೇಡಂ ಬೆಳಗಿನ ಸಭೆಗೆಂದು ಹೊರಗೆ ಹೋಗಿದ್ದರು.

ತೆಗೆದೆ. ಕನ್ನಡಿಯ ಮೇಲೆ ಹಿಡಿದು ನೋಡಿದೆ. ಎಂಥ ಚಂದ! ಮದ್ದಿಲ್ಲದ ಗುಳಿಗಳು ಹಾಲು. ಒಂಟಿ ವ್ಯಾಂಕೊ ಅರ್ಧ ದಾರಿಯಲ್ಲೇ ಮೋಡ. ಎರಡೂ ಸೇರಿದ ಕಡೆ ಮೂಲೆಯವರೆಗೂ ಬಾವಿ ನೀರಿನಂತೆ ತಿಳಿ.

"ಎರಡೂ ಮದ್ದು ಕೈ ಹಿಡಿದಿವೆ ಡಾಕ್ಟ್ರೇ, ಸುರು ಮಾಡಿ" ಎಂದೆ.

ಪಟ್ಟಿಯಲ್ಲಿ ಮೂರು ಕಾಲಂ ಇವೆ. ಇಟ್ಟ ದಿನ, ಓದಿದ ದಿನ, ಒಟ್ಟು ಗಂಟೆ. ಆರು, ಏಳು ಎಂದು ಬರೆದೆ. ಮೂರನೆಯದರಲ್ಲಿ ಇಪ್ಪತ್ತನಾಲ್ಕು ಎಂದು ಬರೆದೆ. ಅಂಥ ತಿಳಿ ಇನ್ನೆಂಟು ಗಂಟೆಯಲ್ಲಿ ಎಲ್ಲಿಗೆ ಹೋಗುತ್ತದೆ? ತಟ್ಟೆಯನ್ನು ವಾಪಸು ಪೆಟ್ಟಿಗೆಯಲ್ಲಿಟ್ಟೆ.

ಸಂಜೆ ನಾಲ್ಕಕ್ಕೆ ಪೆಟ್ಟಿಗೆಯ ಮುಂದೆ ನಿಂತಿದ್ದೆ. ಆಮೇಲೆ ಅಕ್ಕನನ್ನು ನೋಡಲು ಮೇಲೆ ಹೋದೆ.

ಮಾರ್ಚ್ 8, ಶನಿವಾರ

ಜ್ವರ ನೂರಾ ಒಂದಕ್ಕೆ ಇಳಿದಿದೆ! ಅಕ್ಕನಿಗೆ ಗುರುತು ಹತ್ತುತ್ತಿದೆ. "ಲೋ, ನಾನೀಗ ಕಿತ್ತಳೆ ಹಣ್ಣಿನ ಕಾರ್ಖಾನೆ" ಎಂದಳು. ಕೆಂಪು ಮದ್ದು ತೆಗೆದುಕೊಂಡವರ ಮೂತ್ರ, ಬೆವರು ಎಲ್ಲ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಬೇಕರಿಯಮ್ಮ ಮೂಗು ಮುಚ್ಚಿಕೊಂಡು ನಕ್ಕರು. ಜೋಡಿ ಮದ್ದಿನ ಕಥೆಯನ್ನು ರಂಗುರಂಗಾಗಿ ಹೇಳಿದೆ. ಹಳೇ ಜಟ್ಟಿ ಮುಂದಿನಿಂದ ಹಿಡಿದುಕೊಂಡ, ಕೆಂಪಂಗಿಯವನು ಹಿಂದಿನಿಂದ ಬಂದ, ಕಲ್ಲಿನ ಅಂಗಿ ಚಿಂದಿ ಚಿಂದಿ. ವಾರ್ಡಿನ ನರ್ಸ್ ಕೂಡ ನಿಂತು ಕೇಳಿ ಚಪ್ಪಾಳೆ ತಟ್ಟಿದಳು.

ಹೊರಡುವ ಮುಂಚೆ ಕೆಳಗೆ ಸ್ಟಿಕ್ಕರ್ ಪೆಟ್ಟಿಗೆ ಖಾಲಿ ಮಾಡುತ್ತಿದ್ದಳು.

"ಅಣ್ಣಾ, ಇದು ನಿಮ್ಮ ತಟ್ಟೆ ಅಲ್ವಾ? ಪೂರ್ತಿ ಮೋಡ ಆಗಿದೆ."

"ನಲವತ್ತು ಗಂಟೆ ದಾಟಿದೆಯಲ್ಲಮ್ಮ. ಅಷ್ಟು ಹೊತ್ತು ಇಟ್ರೆ ನಲ್ಲಿ ನೀರೂ ಮೋಡ ಆಗುತ್ತೆ. ಬಿಸಾಕು."

ಅವಳು ಎಸೆಯಲಿಲ್ಲ. ಚೀಟಿ ಅಂಟಿಸಿ ತಣ್ಣನೆ ಪೆಟ್ಟಿಗೆಗೆ ಇಟ್ಟಳು. ಅವಳಿಗೆ ಏನನ್ನೂ ಎಸೆದು ಗೊತ್ತಿಲ್ಲ.

ಮಾರ್ಚ್ 9, ಭಾನುವಾರ

ಜ್ವರ ನೂರು. ಸಂಜೆ ನೂರಾ ಎರಡು.

ಮಾರ್ಚ್ 10, ಸೋಮವಾರ, ಹತ್ತೂವರೆ

ನೂರಾ ನಾಲ್ಕು. ಶನಿವಾರ ತೆಗೆದ ರಕ್ತ ನಿನ್ನೆಯೇ ಕೂಗಿತ್ತಂತೆ. ವ್ಯಾಂಕೊದ ಹೊರೆಗೆ ಅಕ್ಕನ ಕಿಡ್ನಿ ಕುಂಟತೊಡಗಿದೆ.

ಗಡಿಬಿಡಿ ಡಾಕ್ಟರು, ಮೇಡಂ, ನಾನು. ಮೇಡಂ ಎದುರಿಗೆ ಪಟ್ಟಿ ತೆರೆದಿತ್ತು.

"ತಟ್ಟೆ ಚೆನ್ನಾಗಿತ್ತಲ್ಲ ಮೇಡಂ?"

"ಇಪ್ಪತ್ನಾಲ್ಕು ಗಂಟೆಗೂ ತಿಳಿ ಇದೆ. ಜೋಡಿ ಸರಿಯಾಗಿದೆ."

"ಹಾಗಾದ್ರೆ ಜೋಡಿ ತಪ್ಪಲ್ಲ, ಪ್ರಮಾಣ ಸಾಲ್ತಿಲ್ಲ. ವ್ಯಾಂಕೊ ಏರಿಸ್ತೀನಿ. ಕಿಡ್ನಿ ಹೋದ್ರೆ ಹೋಗ್ಲಿ, ಡಯಾಲಿಸಿಸ್ ಯಂತ್ರಕ್ಕೆ ಹಾಕೋಣ. ಪ್ರಾಣ ಉಳೀಲಿ."

ಮೇಡಂ ನನ್ನ ಕಡೆ ನೋಡಿ, "ನಿಮಗೇನಾದ್ರೂ ಹೇಳೋದಿದೆಯಾ?" ಎಂದರು. ಅಕ್ಕನ ತಮ್ಮನಿಗೆ ಸಮಾಧಾನ ಮಾಡುವ ದನಿಯಲ್ಲಿ.

ಇಲ್ಲ ಎಂದೆ.

ಅದೇ ದಿನ, ಹನ್ನೆರಡರಿಂದ ಮೂರರವರೆಗೆ

ತಣ್ಣನೆ ಪೆಟ್ಟಿಗೆಯಿಂದ ಆ ತಟ್ಟೆ ತೆಗೆದೆ. ಸ್ಟಿಕ್ಕರ್ ಅಂಟಿಸಿದ್ದ ಚೀಟಿಯಲ್ಲಿ ಇಟ್ಟ ಹೊತ್ತು ಕೂಡ ಇತ್ತು. ಗುರುವಾರ, ಸಂಜೆ 4. ಅವಳು ಯಾವಾಗ ನೋಡಿಕೊಂಡಳೋ. ಅದನ್ನು ಮೇಡಂ ಮೇಜಿನ ಮೇಲಿಟ್ಟೆ.

"ಇದನ್ನ ಓದಿದ್ದು ಶುಕ್ರವಾರ ಬೆಳಿಗ್ಗೆ ಎಂಟಕ್ಕೆ. ಹದಿನಾರು ಗಂಟೆ. ಇಪ್ಪತ್ನಾಲ್ಕು ಅಂತ ಬರೆದಿದ್ದು ಸುಳ್ಳು. ಆಮೇಲೆ ನೋಡಲೇ ಇಲ್ಲ."

ಅವರು ಬೈಯಲಿಲ್ಲ. ಮೊದಲು ಫೋನು ತೆಗೆದು ವಾರ್ಡಿಗೆ, "ವ್ಯಾಂಕೊ ಏರಿಸಬೇಡಿ. ನಮ್ಮ ವರದಿ ತಪ್ಪು. ಈಗಲೇ ಬರ್ತೀನಿ" ಎಂದರು. 'ನಮ್ಮ' ಎಂದರು. ಆ ಮಾತಿಗೆ ತಲೆ ತಗ್ಗಿಸಿದವನು ಎತ್ತಲಿಲ್ಲ.

ಫೋನಿಟ್ಟು ನನ್ನನ್ನು ನೋಡಿದರು. "ಯಾಕ್ರೀ?"

"ಅಕ್ಕ ಲಾರಿ ನಂಬರ್ ಹೇಳ್ತಿದ್ಲು ಮೇಡಂ."

"ಎಂಟು ಗಂಟೆ ತಡವಾಗಿ ಹೇಳಿದ್ರೆ ಎಂಟು ಗಂಟೆ ತಡ ಆಗ್ತಿತ್ತು. ಈಗ ಮೂರು ದಿನ ಹೋಯ್ತು." ಪಟ್ಟಿ ಮುಚ್ಚಿ, "ಇನ್ನು ಮೇಲೆ ನಿಮ್ಮಕ್ಕನ ತಟ್ಟೆ ನೀವು ಓದೋ ಹಾಗಿಲ್ಲ. ಮದ್ದು ತುಂಬಿಸಿ, ಅಷ್ಟೇ. ಓದೋದು ನಾನು, ಸ್ಟಿಕ್ಕರ್. ಮತ್ತೆ ನಿಮ್ಮಕ್ಕನಿಗೆ ಇದನ್ನ ನೀವೇ ಹೇಳ್ಬೇಕು. ನಾನು ಹೇಳೋಲ್ಲ."

ವ್ಯಾಂಕೊ, ಕೆಂಪು ಮದ್ದು ಎರಡೂ ನಿಂತವು. ಡ್ಯಾಪ್ಟೊ ಎನ್ನುವ ಬೇರೆ ಮದ್ದನ್ನು ಒಂಟಿಯಾಗಿ ಶುರು ಮಾಡಿದರು. ಅದಕ್ಕೆ ಜೊತೆ ಯಾರು ಎಂಬುದು ಈಗಿನ ಪ್ರಶ್ನೆ. ಇಬ್ಬರು ಇದ್ದಾರೆ. ಜೆಂಟಾ ನಮ್ಮ ಕಪಾಟಿನಲ್ಲೇ ಇದೆ, ಆದರೆ ಕುಂಟುವ ಕಿಡ್ನಿಯನ್ನು ಮಲಗಿಸಿಬಿಡಬಹುದು. ಸೆಫ್ಟಾ ಕಿಡ್ನಿಗೆ ಅಷ್ಟು ಕೆಡುಕಲ್ಲ, ಆದರೆ ನಮ್ಮಲ್ಲಿಲ್ಲ. ಬೇರೆ ಊರಿನಿಂದ ಬರಬೇಕು.

ಎರಡು ತಟ್ಟೆ. ಡ್ಯಾಪ್ಟೊಗೆ ದ್ರವದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಕೆಲಸ ಮಾಡುವುದಿಲ್ಲ. ಅದನ್ನು ಮೇಡಂ ತಾವೇ ಅಳೆದರು. ಮಧ್ಯಾಹ್ನ ಮೂರಕ್ಕೆ ಇಟ್ಟೆವು. ಸ್ಟಿಕ್ಕರ್ ಎರಡರ ಮೇಲೂ ಚೀಟಿ ಅಂಟಿಸಿದಳು. ನನ್ನ ಮುಖ ನೋಡಲಿಲ್ಲ.

ಅದೇ ದಿನ, ಸಂಜೆ

ಅಕ್ಕನಿಗೆ ಹೇಳಿದೆ. ಸಂಜೆ ಐದರ ಭೇಟಿಯ ಹೊತ್ತು. ಬೇಕರಿಯಮ್ಮ, "ಬಂದ್ರು, ಮುಂದಿನ ಕಂತು" ಎಂದು ದಿಂಬು ಸರಿಮಾಡಿಕೊಂಡರು. ಇವತ್ತು ಕಥೆ ಅಲ್ಲ ಎಂದೆ. ಗುರುವಾರ ನಾಲ್ಕಕ್ಕೆ ಇಟ್ಟದ್ದು, ಶುಕ್ರವಾರ ಎಂಟಕ್ಕೆ ತೆಗೆದದ್ದು, ಬರೆದದ್ದು, ಶುಕ್ರವಾರ ನಾಲ್ಕಕ್ಕೆ ಪೆಟ್ಟಿಗೆಯ ಮುಂದೆ ನಿಂತು ತೆರೆಯದೆ ಬಂದದ್ದು, ಶನಿವಾರ ಮೋಡ ಕಂಡೂ ಬಿಸಾಕು ಎಂದದ್ದು, ಇವತ್ತು ಹತ್ತೂವರೆಗೆ ಇಲ್ಲ ಎಂದದ್ದು. ಎಲ್ಲ ಹೇಳಿದೆ.

ಅಕ್ಕ ಸೂರು ನೋಡುತ್ತ ಮಲಗಿದ್ದಳು.

"ಮುಳ್ಳು ಅಲ್ಲಾಡ್ತಿದ್ದಾಗ್ಲೇ ಬರೆದ್ಬಿಟ್ಯಾ?"

"ಹೂಂ."

"ನನ್ನ ಬೆಂಚಿನ ಮೇಲೆ ಕೂತು ಬೆಳೆದೋನು."

"ಹೂಂ ಅಕ್ಕ."

"ಹೂಂಗುಟ್ಬೇಡ."

ಬೇಕರಿಯಮ್ಮ, "ಪಾಪ, ಅಕ್ಕನ ಮೇಲಿನ ಪ್ರೀತಿಗೆ ಅಲ್ವಾ ಮಾಡಿದ್ದು" ಎಂದರು.

"ಪ್ರೀತಿಗೆ ನಾನೂ ಲಾರಿ ಬಿಟ್ಟಿದ್ರೆ ಉಗ್ರಾಣ ಯಾವಾಗ್ಲೋ ಖಾಲಿ ಆಗ್ತಿತ್ತು ಕಣಮ್ಮ" ಎಂದಳು ಅಕ್ಕ. ಕಣ್ಣೊರೆಸಿಕೊಂಡಳು. ಬಿಳಿ ಕರವಸ್ತ್ರದ ಮೇಲೆ ಕಿತ್ತಳೆ ಬಣ್ಣದ ಕಲೆ. ಮದ್ದು ಇನ್ನೂ ಮೈಯಲ್ಲಿತ್ತು.

"ಹೋಗು" ಎಂದಳು.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಎಂಟಕ್ಕೆ ಫೋನು. ಮೇಡಂ ಇನ್ನೂ ಬಂದಿರಲಿಲ್ಲ. ಸ್ಟಿಕ್ಕರ್ ಕೈಗವಸು ಹಾಕಿಕೊಂಡಿದ್ದಳು, ನಾನೇ ಎತ್ತಿಕೊಂಡೆ.

"ಜೆಂಟಾ ಕೈಯಲ್ಲಿ ಹಿಡ್ಕೊಂಡು ನಿಂತಿದೀನಿ. ತಟ್ಟೆ ಏನನ್ನುತ್ತೆ?"

"ಹದಿನೇಳು ಗಂಟೆ ಆಗಿದೆ ಡಾಕ್ಟ್ರೇ. ಮೂರಕ್ಕೆ ಹೇಳ್ತಾರೆ."

"ಈಗ ಹೇಗೆ ಕಾಣುತ್ತೆ, ಅಷ್ಟು ಹೇಳಿ. ಬರ್ಕೊಳ್ಳೋಲ್ಲ ನಾನು."

"ನೋಡಿಲ್ಲ."

"ನೋಡಿ ಮತ್ತೆ!"

ಪೆಟ್ಟಿಗೆ ನನ್ನ ಬಲಗೈಗೆ ಒಂದು ಮಾರು ದೂರದಲ್ಲಿತ್ತು. ಗಾಜಿನ ಬಾಗಿಲು. ಸ್ವಲ್ಪ ಬಗ್ಗಿದರೆ ಕಾಣುತ್ತದೆ. ನಾನು ಗೋಡೆಯ ಕಡೆ ತಿರುಗಿಕೊಂಡೆ.

"ನೋಡೋಲ್ಲ."

"ನಿಮ್ಮಕ್ಕ ರೀ ಅವರು! ರಕ್ತದೊತ್ತಡ ಇಳೀತಿದೆ."

"ಗೊತ್ತು ಡಾಕ್ಟ್ರೇ."

ಆ ಕಡೆ ಜೆಂಟಾ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದ ಸದ್ದು.

"ಸೆಫ್ಟಾ ಈಗಲೇ ತರಿಸೋಕೆ ಹೇಳಿ" ಎಂದೆ. "ಬೇಕಾಗದೆ ಇದ್ರೆ ವಾಪಸ್ ಹೋಗ್ಲಿ. ಬರೋ ಹೊತ್ತಿಗೆ ತಟ್ಟೆನೂ ಆಗಿರುತ್ತೆ. ಅಲ್ಲಿವರೆಗೆ ಅವಳನ್ನ ಎತ್ತಿ ನಿಲ್ಸೋದು ನಿಮ್ಮ ಕೆಲಸ. ಇದು ನಮ್ಮ ಕೆಲಸ."

ಇಪ್ಪತ್ತೆರಡು ವರ್ಷದಲ್ಲಿ ಡಾಕ್ಟರೊಬ್ಬರಿಗೆ ಹಾಗೆ ಮಾತಾಡಿರಲಿಲ್ಲ. ಅವರು ಫೋನಿಟ್ಟರು. ಸ್ಟಿಕ್ಕರ್ ಒಂದು ಲೋಟ ಟೀ ತಂದು ನನ್ನ ಮೇಜಿನ ಮೇಲಿಟ್ಟು ಹೋದಳು.

ಒಂಬತ್ತು. ಹತ್ತು. ಬೇರೆಯವರ ಮೂತ್ರ, ಬೇರೆಯವರ ಕೀವು, ಬೇರೆಯವರ ಕಫ. ಎಲ್ಲ ನೋಡಿದೆ. ಹನ್ನೊಂದಕ್ಕೆ ಶನಿವಾರದ ಗೊಂಚಲಿಗೆ ಸ್ಟಿಕ್ಕರ್ ಹಾಕಿದ್ದ, ಮದ್ದು ನೆನೆಸಿದ ಕಾಗದದ ಬಿಲ್ಲೆಗಳ ಪರೀಕ್ಷೆ ನೋಡಿದೆವು. ಕೆಂಪು ಮದ್ದಿನ ಬಿಲ್ಲೆಯ ಅಂಚಿನವರೆಗೂ ಗೊಂಚಲು ಹುಲ್ಲಿನಂತೆ ಬೆಳೆದಿತ್ತು. ಮದ್ದಿಗೆ ಬಗ್ಗದ ಕೆಲವರು ಮೊದಲೇ ಇದ್ದರು. ಹದಿನಾರನೆಯ ಗಂಟೆಯಲ್ಲಿ ಕಣ್ಣಿಗೆ ಕಾಣುವಷ್ಟು ಇರಲಿಲ್ಲ, ಅಷ್ಟೇ.

ಒಂದು. ಎರಡು. ಎರಡೂ ಹತ್ತಕ್ಕೆ ಸೆಫ್ಟಾ ಬಂತು.

ಮೂರಕ್ಕೆ ಮೇಡಂ ಬಾಗಿಲು ತೆರೆದರು. ನಾನು ಕೋಣೆಯ ಆ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದೆ. ಮೊದಲು ಮೇಡಂ ಓದಿ ಒಂದು ಹಾಳೆಯಲ್ಲಿ ಬರೆದು ಮಡಚಿಟ್ಟರು. ಆಮೇಲೆ ಸ್ಟಿಕ್ಕರ್ ಬೇರೆ ಹಾಳೆಯಲ್ಲಿ ಬರೆದಳು. ಎರಡನ್ನೂ ಬಿಚ್ಚಿ ಅಕ್ಕಪಕ್ಕ ಇಟ್ಟರು.

ಜೆಂಟಾ ತಟ್ಟೆಯಲ್ಲಿ ಜೊತೆಯ ಗುಳಿಗಳೆಲ್ಲ ಮೋಡ. ತೆಳು ಮೋಡ, ಆದರೆ ಮೋಡವೇ.

ಸೆಫ್ಟಾ ತಟ್ಟೆಯಲ್ಲಿ ನಲವತ್ತೊಂದು ಗುಳಿ ತಿಳಿ.

ಮೂರೂ ಇಪ್ಪತ್ತೈದಕ್ಕೆ ಮದ್ದು ಏರಿಸಿದರು.

ಮಾರ್ಚ್ 12, ಬುಧವಾರ

ಬೆಳಿಗ್ಗೆ ಎಂಟಕ್ಕೆ ಹೊಸ ರಕ್ತ. ಎರಡು ಬಾಟಲಿ. ಸ್ಟಿಕ್ಕರ್ ಯಂತ್ರಕ್ಕಿಟ್ಟಳು. ಜ್ವರ 102.4.

ಮಾರ್ಚ್ 13, ಗುರುವಾರ

24 ಗಂಟೆ. ಯಂತ್ರ ಕೂಗಿಲ್ಲ. ಈ ಹಿಂದಿನ ಎಲ್ಲ ಬಾಟಲಿಗಳೂ ಒಂದು ದಿನದೊಳಗೆ ಕೂಗಿದ್ದವು. ಜ್ವರ 100.8. ಮೂತ್ರ ನಿನ್ನೆಗಿಂತ ಮುನ್ನೂರು ಮಿಲಿ ಹೆಚ್ಚು.

ವಾರ್ಡಿಗೆ ಹೋದೆ.

"ನಿಮ್ಮ ತಮ್ಮ ಬಂದಿದಾರೆ" ಎಂದರು ಬೇಕರಿಯಮ್ಮ.

"ಯಾವ ತಮ್ಮ?" ಎಂದಳು ಅಕ್ಕ ಗೋಡೆಯ ಕಡೆಗೆ.

"ಯಾವ ತಮ್ಮ ಅಂತೆ" ಎಂದು ಬೇಕರಿಯಮ್ಮ ನನಗೆ ಮುಟ್ಟಿಸಿದರು.

"ಇನ್ನೂ ಏನೂ ಬೆಳೆದಿಲ್ಲ ಅಂತ ಹೇಳಿ. ಐದು ದಿನ ಆಗೋವರೆಗೆ ಇಲ್ಲ ಅನ್ನೋ ಹಾಗಿಲ್ಲ ಅಂತಾನೂ ಹೇಳಿ."

"ಕೇಳಿಸ್ತು ಅನ್ನಿ" ಎಂದಳು ಅಕ್ಕ.

ಮಾರ್ಚ್ 15, ಶನಿವಾರ

72 ಗಂಟೆ. ಇಲ್ಲ. 99.1.

ಬೆಳಿಗ್ಗೆ ಯಂತ್ರ ಕೂಗಿತು. ಓಡಿಹೋಗಿ ಹೆಸರು ಓದಿದೆ. ಅದು ಬೇರೆಯವರ ಬಾಟಲಿ. ಅವರ ಮನೆಯವರೂ ಮೇಲೆ ಎಲ್ಲೋ ಕೂತಿರುತ್ತಾರೆ. ಬಣ್ಣ ಹಾಕಿದೆ, ನೋಡಿದೆ, ಗೊಂಚಲಲ್ಲ, ಕಡ್ಡಿ ಆಕಾರ ಎಂದು ಬರೆದೆ. ಎಷ್ಟು ಹೊತ್ತಿಗೆ ಎಂದೂ ಬರೆದೆ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ 8. ಐದು ದಿನ ಪೂರ್ತಿ. ಬಾಟಲಿಗಳು ಸುಮ್ಮನಿವೆ. ಮೇಡಂ, ಸ್ಟಿಕ್ಕರ್ ಇಬ್ಬರೂ ಸಹಿ ಮಾಡಿದರು.

ಗಡಿಬಿಡಿ ಡಾಕ್ಟರು ಇಳಿದು ಬಂದು ಕುರ್ಚಿಯಲ್ಲಿ ಕೂತರು. ಎಲ್ಲರೂ ನೋಡಿದೆವು. "ಇನ್ನೂ ಆರು ವಾರ ಮದ್ದು ಬೇಕು. ಆದ್ರೆ ನಡೀತಾರೆ" ಎಂದರು. ಆಮೇಲೆ ನನಗೆ, "ಮಂಗಳವಾರ ನಾನು ಜೆಂಟಾ ಹಾಕಿದ್ರೆ..." ಎಂದು ಅರ್ಧಕ್ಕೆ ಬಿಟ್ಟರು.

ಮೇಡಂ ನನ್ನನ್ನು ಒಳಗೆ ಕರೆದರು. ಕೆಲಸದಿಂದ ತೆಗೆಯುವ ಪತ್ರವಿರಬಹುದು ಎಂದುಕೊಂಡೆ. ಎಚ್ಚರಿಕೆಯ ಪತ್ರವಿತ್ತು. ಸಹಿ ಹಾಕಿದೆ.

"ನಾಳೆ ಊಟದ ಹೊತ್ತಲ್ಲಿ ಎಲ್ಲರನ್ನೂ ಸೇರಿಸ್ತೀನಿ. ನಡೆದಿದ್ದನ್ನ ನೀವು ಹೇಳ್ಬೇಕು."

"ನಾನಾ?"

"ಇನ್ಯಾರು? ಕಥೆಗಾರರು ನೀವು ತಾನೆ."

ಮಾರ್ಚ್ 18, ಮಂಗಳವಾರ

ಊಟದ ಕೋಣೆಯಲ್ಲಿ ಹನ್ನೊಂದು ಜನ. ಬಾಗಿಲು ಮುಚ್ಚುವಷ್ಟರಲ್ಲಿ ಗಾಲಿಕುರ್ಚಿಯ ಸದ್ದು. ಡಾಕ್ಟರು ತಳ್ಳುತ್ತಿದ್ದರು. ಕುರ್ಚಿಯಲ್ಲಿ ಅಕ್ಕ, ತೊಡೆಯ ಮೇಲೆ ಹೊದಿಕೆ, ಪಕ್ಕದಲ್ಲಿ ಮದ್ದಿನ ಚೀಲ ತೂಗುವ ಕಂಬ.

"ನನ್ನ ಮೈಯಲ್ಲಿ ನಡೆದಿದ್ದು, ನಾನಿಲ್ಲದೆ ಹೇಗೆ ಹೇಳ್ತಾನೆ?" ಎಂದು ಮೇಡಂಗೆ ಹೇಳಿದಳು. ಎಂಟು ದಿನದ ಮೇಲೆ, ನಾನು ಇದ್ದೇನೆ ಎಂದು ಒಪ್ಪಿಕೊಂಡು ಆಡಿದ ಮೊದಲ ಮಾತು.

ಹೇಳಿದೆ. ಆರು ನಿಮಿಷ ಆಯಿತು. ಜಟ್ಟಿಗಳು ಬರಲಿಲ್ಲ. ಒಂಟಿ ವ್ಯಾಂಕೊ ಕೊಟ್ಟದ್ದು "ಸುಮಾರು ಒಂದು ವಾರ" ಎಂದೆ. ಅಕ್ಕ ತಲೆ ಎತ್ತಿದಳು. "ನಾಲ್ಕು ದಿನ" ಎಂದು ತಿದ್ದಿಕೊಂಡೆ. ಮುಗಿಯಿತು. ಡಬ್ಬಿಗಳನ್ನು ಮುಚ್ಚಿಕೊಂಡು ಒಬ್ಬೊಬ್ಬರಾಗಿ ಎದ್ದು ಹೋದರು. ಅರ್ಧ ಊಟ ಹಾಗೇ ಉಳಿದಿತ್ತು.

ಮಾರ್ಚ್ 19, ಬುಧವಾರ

ಬೆಳಿಗ್ಗೆ ಏಳೂವರೆಗೆ ನಾನು ಬರುವ ಮುಂಚೆಯೇ ಸ್ಟಿಕ್ಕರ್ ಬಂದಿದ್ದಳು. ಹಳೆಯ ಪಟ್ಟಿ ತೆರೆದು ಮೂರು ಕಡೆ ಬೆರಳಿಟ್ಟಳು. "ಅಣ್ಣಾ, ಈ ಮೂರು ನನ್ನದು. ಹದಿನೆಂಟಕ್ಕೆ ಓದಿ ಇಪ್ಪತ್ನಾಲ್ಕು ಅಂತ ಬರೆದಿದ್ದೆ. ಮಗುಗೆ ಹುಷಾರಿರ್ಲಿಲ್ಲ, ಬೇಗ ಮನೆಗೆ ಹೋಗ್ಬೇಕಿತ್ತು" ಎಂದಳು. ಆಮೇಲೆ ಮೂತ್ರ ಪರೀಕ್ಷೆಯ ಮೇಜಿನವನು ಬಂದ. ಅವನದು ಒಂದು. ಎಂಟಕ್ಕೆ ಮೇಡಂ ಬಂದು, ಹದಿನಾಲ್ಕು ವರ್ಷ ಹಿಂದಿನ ಒಂದು ಪಟ್ಟಿಯನ್ನು ಧೂಳು ಕೊಡವಿ ಮೇಜಿನ ಮೇಲಿಟ್ಟು, ಯಾವ ಪುಟ ಎಂದು ತೋರಿಸಿದರು. ಆ ರೋಗಿಗಳು ಈಗೆಲ್ಲಿದ್ದಾರೆ ಎಂದು ಹುಡುಕಲು ಮೂವರೂ ಕೂತರು.

ಗಡಿಬಿಡಿ ಡಾಕ್ಟರು ಫೋನು ಮಾಡಿದರು. ಏಳನೇ ಹಾಸಿಗೆಯ ತಟ್ಟೆ ಹೇಗಿದೆ ಎಂದು ಕೇಳಿ, ನಾನು ಬಾಯಿ ತೆರೆಯುವ ಮುಂಚೆ, "ಬೇಡ ಬೇಡ, ಹೇಳ್ಬೇಡಿ. ಹನ್ನೊಂದಕ್ಕೆ ಮಾಡ್ತೀನಿ" ಎಂದು ಇಟ್ಟುಬಿಟ್ಟರು.

ಎಂಟೂವರೆಗೆ ವಾರ್ಡಿನ ನರ್ಸ್ ಇಳಿದು ಬಂದಳು. ಕೈಯಲ್ಲಿ ಅಕ್ಕನ ರಕ್ತದ ಬಾಟಲಿ. ಸ್ಟಿಕ್ಕರ್ ಕೈಚಾಚಿದಳು. ನರ್ಸ್ ಕೊಡಲಿಲ್ಲ.

"ನಿಮ್ಮ ಕೈಗೇ ಕೊಡ್ಬೇಕಂತೆ" ಎಂದಳು ನನಗೆ. "ಇಲ್ಲದಿದ್ರೆ ತೋಳು ಕೊಡೋಲ್ಲ ಅಂತ ಕೂತ್ಬಿಟ್ರು."

ನಾನು ಮೇಡಂ ಕಡೆ ನೋಡಿದೆ. ಅವರು ಪಟ್ಟಿಯಿಂದ ತಲೆ ಎತ್ತಲಿಲ್ಲ. "ಇಸ್ಕೊಳ್ಳಿ ರೀ, ಬಿಸಿ ಆರುತ್ತೆ" ಎಂದರು.

ಇಸಿದುಕೊಂಡೆ. ಚೀಟಿಯ ಮೇಲೆ ರಕ್ತ ತೆಗೆದ ಹೊತ್ತನ್ನು ನರ್ಸ್ ಬರೆದಿರಲಿಲ್ಲ. ಅಕ್ಕ ತಾನೇ ಬರೆದಿದ್ದಳು. 8 ಗಂಟೆ 17 ನಿಮಿಷ.